ಸಿಮೆಂಟ್ ಕಣಜದೊಳಗೊಂದು ಮನೆ

ಬಾರ್ಸಿಲೋನಾ ಪಕ್ಕದ ಸಂತ್ ಜುಸ್ತ್ ದೆಸ್ವೆರ್ನ್‌ನಲ್ಲಿ ಒಂದು ಮನೆಯಿದೆ. ಹೆಸರು ಲಾ ಫಾಬ್ರಿಕಾ. ಹಾಗಂದರೆ ಸುಮ್ನೆ 'ಕಾರ್ಖಾನೆ' ಅಂತ. ನಿಜಕ್ಕೂ ಅದು ಹಳೆಯ ಸಿಮೆಂಟ್ ಕಾರ್ಖಾನೆಯೇ.

1973ರಲ್ಲಿ ವಾಸ್ತುಶಿಲ್ಪಿ ರಿಕಾರ್ಡೊ ಬೋಫಿಲ್ ಇದನ್ನು ನೋಡಿದಾಗ ಅಲ್ಲಿ ಮೂವತ್ತಕ್ಕೂ ಜಾಸ್ತಿ ಸೈಲೋಗಳಿದ್ದವು. ಸೈಲೋ ಅಂದರೆ ಸಿಮೆಂಟ್ ತುಂಬಿಡುವ ಎತ್ತರದ ಕಣಜ. ಜೊತೆಗೆ ದೈತ್ಯ ಯಂತ್ರಗಳ ಕೋಣೆಗಳು, ನೆಲದಡಿ ಸುರಂಗಗಳು. ಇಡೀ ಕಾರ್ಖಾನೆಯನ್ನು ಒಂದೇ ನಕ್ಷೆ ಹಾಕಿ ಕಟ್ಟಿರಲಿಲ್ಲ. ಕೆಲಸ ಹೆಚ್ಚಿದಂತೆಲ್ಲ ಒಂದೊಂದು ಭಾಗ ಸೇರುತ್ತಾ ಹೋಗಿತ್ತು. ಹಾಗಾಗಿ ಎಲ್ಲಿಗೂ ತಲುಪದ ಮೆಟ್ಟಿಲುಗಳಿದ್ದವು, ಏನನ್ನೂ ಹೊರದೆ ನಿಂತ ಕಾಂಕ್ರೀಟ್ ಕಟ್ಟುಗಳಿದ್ದವು. ಬೇರೆ ಯಾರಾದರೂ ಪೂರ್ತಿ ಕೆಡವಿ ಜಾಗ ಮಾರುತ್ತಿದ್ದರೇನೋ. ಬೋಫಿಲ್‌ಗೆ ಇಷ್ಟವಾಗಿದ್ದೇ ಆ ವಿಚಿತ್ರ ಆಕಾರಗಳು.

ಅವರಿಗೆ ಈ ಧೈರ್ಯ ಹೊಸದಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಕಾಲದಲ್ಲಿ ರಾಜಕೀಯ ಚಟುವಟಿಕೆಗಾಗಿ ಬಾರ್ಸಿಲೋನಾದ ವಾಸ್ತುಶಿಲ್ಪ ಶಾಲೆಯಿಂದ ಹೊರಬಿದ್ದು, ಜಿನೀವಾದಲ್ಲಿ ಓದಿದವರು. 1963ರಲ್ಲಿ ಶುರುಮಾಡಿದ ತಮ್ಮ ತಂಡಕ್ಕೆ 'ತಾಯೆರ್' ಎಂದು ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಕಾರ್ಯಾಗಾರ ಎಂದರ್ಥ. ಅದರಲ್ಲಿ ಕವಿ ಹೋಸೆ ಅಗುಸ್ತಿನ್ ಗೊಯ್ತಿಸೊಲೊ ಕೂಡ ಇದ್ದರು.

ಮನೆ ಕಟ್ಟುವ ಕೆಲಸ ಶುರುವಾಗಿದ್ದು ಕೆಡವುವುದರಿಂದ. ಡೈನಮೈಟ್, ಸುತ್ತಿಗೆ ಹಿಡಿದು ಒಂದೂವರೆ ವರ್ಷ. ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ತೆಗೆಯುತ್ತಾನಲ್ವಾ, ಹಾಗೆ. ಏನು ಇಡಬೇಕು, ಏನು ಒಡೆಯಬೇಕು ಅನ್ನುವ ತೀರ್ಮಾನವೇ ಇಲ್ಲಿನ ನಿಜವಾದ ವಿನ್ಯಾಸ ಅನ್ನಿಸುತ್ತದೆ ನನಗೆ. ಕೊನೆಗೆ ಎಂಟು ಸೈಲೋಗಳು ಉಳಿದವು. ದುಂಡು ಗೋಡೆಗಳಿಗೆ ಕಿಟಕಿ ಕೊರೆದು ಅವುಗಳನ್ನು ಕಚೇರಿ ಮಾಡಿದರು. ದೊಡ್ಡ ಕಾರ್ಖಾನೆ ಹಾಲ್ ಈಗ 'ಕತೆದ್ರಾಲ್', ಅಂದರೆ ದೊಡ್ಡ ಚರ್ಚು. ಸುಮಾರು ಹತ್ತು ಮೀಟರ್ ಎತ್ತರದ ಆ ಹಾಲ್‌ನಲ್ಲಿ ಸಭೆ, ಸಂಗೀತ ಕಛೇರಿ ನಡೆಯುತ್ತವೆ. ಅಲ್ಲಿ ಕಾಂಕ್ರೀಟಿನ ಒರಟು ಮೈಯನ್ನು, ಹಳೆಯ ಗುರುತುಗಳನ್ನು ಹಾಗೇ ಬಿಟ್ಟಿದ್ದಾರೆ. ಪ್ಲಾಸ್ಟರ್ ಬಳಿದು ಮುಚ್ಚಿದ್ದರೆ ಅದು ಕಾರ್ಖಾನೆ ಆಗಿತ್ತು ಅನ್ನುವುದೇ ಮರೆತುಹೋಗುತ್ತಿತ್ತು. ಸುತ್ತಲೂ ನೀಲಗಿರಿ, ತಾಳೆ, ಆಲಿವ್ ಮರಗಳು. ಗೋಡೆಗಳ ಮೇಲೆ ಬಳ್ಳಿ.

ಕಾರ್ಖಾನೆಯ ಜಾಗದಲ್ಲೇ, ಪಕ್ಕದಲ್ಲಿ, ಅವರ ತಂಡ 446 ಮನೆಗಳ ವಾಲ್ಡನ್ 7 ಎಂಬ ವಸತಿ ಕಟ್ಟಡ ಕಟ್ಟಿತು. 1975ರಲ್ಲಿ ಮುಗಿದ ಆ ಹೊಸ ಕಟ್ಟಡದ ಹೊರಗೋಡೆಯ ಟೈಲ್ಸ್ ಮುಂದೆ ಉದುರತೊಡಗಿತು. ಕೆಳಗೆ ಓಡಾಡುವವರ ತಲೆ ಮೇಲೆ ಬೀಳದಂತೆ ಬಲೆ ಕಟ್ಟಬೇಕಾಯಿತು. 1990ರ ದಶಕದಲ್ಲಿ ರಿಪೇರಿ ಆಯಿತು. ಇತ್ತ ಹಳೆಯ ಸೈಲೋಗಳಲ್ಲಿ ಕೆಲಸ ನಡೆದೇ ಇತ್ತು. ಬೋಫಿಲ್ 2022ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಕಾರ್ಖಾನೆಯೇ ಅವರ ಮನೆಯಾಗಿತ್ತು.