ಮೂವತ್ತಾರು ಮಕ್ಕಳಲ್ಲಿ ಒಂದು ಮೆಳ್ಳೆಗಣ್ಣು

"ಮೆಳ್ಳೆಗಣ್ಣು ಅದೃಷ್ಟ ಅಂತಾರಲ್ವಾ ಡಾಕ್ಟ್ರೇ, ಯಾಕೆ ಸರಿ ಮಾಡಿಸಬೇಕು?" ಮೊಮ್ಮಗನನ್ನು ಕರೆತಂದಿದ್ದ ಅಜ್ಜಿ ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದು. ಹುಡುಗ ಒಂದನೇ ಕ್ಲಾಸು. ಎಡಗಣ್ಣು ಮೂಗಿನ ಕಡೆ ತಿರುಗಿತ್ತು. ಅಮ್ಮನ ಫೋನಿನಲ್ಲಿದ್ದ ಹಳೇ ಫೋಟೊಗಳಲ್ಲೂ ಹಾಗೇ ಇತ್ತು. ನಾನು ಅವನ ಬಲಗಣ್ಣು ಮುಚ್ಚಿದ ಕೂಡಲೇ ಹುಡುಗ ನನ್ನ ಕೈ ತಳ್ಳಿದ. ಎಡಗಣ್ಣು ಮುಚ್ಚಿದಾಗ ಸುಮ್ನೆ ಕೂತಿದ್ದ. ಎಡಗಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ ಎಂದು ಅಲ್ಲೇ ಗೊತ್ತಾಯಿತು, ಅರ್ಧ ಪರೀಕ್ಷೆ ಮುಗಿಯಿತು.

"ಇದು ನಮ್ಮ ಮಗುವಿಗೆ ಮಾತ್ರಾನಾ?" ಎಂದು ಅಮ್ಮ ಕೇಳಿದರು. ಅಲ್ಲ. ಈ ಪ್ರಶ್ನೆಗೆ ನಾನು ಸಾಮಾನ್ಯವಾಗಿ ಸಿಡ್ನಿಯ ಲೆಕ್ಕ ಹೇಳುತ್ತೇನೆ. ಅಲ್ಲಿನ 34 ಪ್ರಾಥಮಿಕ ಶಾಲೆಗಳಲ್ಲಿ ಆರು ವರ್ಷದ ಆಸುಪಾಸಿನ 1,739 ಮಕ್ಕಳ ಕಣ್ಣನ್ನು ಡ್ರಾಪ್ಸ್ ಹಾಕಿ ಪೂರ್ತಿ ಪರೀಕ್ಷಿಸಿದ್ದರು. 2006ರಲ್ಲಿ ಬಂದ ವರದಿಯ ಪ್ರಕಾರ 48 ಮಕ್ಕಳಿಗೆ ಮೆಳ್ಳೆಗಣ್ಣು, ಅಂದರೆ ಶೇ 2.8. ಹೆಚ್ಚುಕಡಿಮೆ ಮೂವತ್ತಾರಕ್ಕೆ ಒಂದು ಮಗು. ಆಸ್ಪತ್ರೆಗೆ ಬಂದವರನ್ನಲ್ಲ, ಶಾಲೆಯಲ್ಲಿ ಕೂತಿದ್ದವರನ್ನು ಎಣಿಸಿದ್ದು. ಅದಕ್ಕೇ ಈ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ.

ಆ 48ರಲ್ಲಿ 26 ಮಕ್ಕಳ ಕಣ್ಣು ಒಳಕ್ಕೆ ತಿರುಗಿತ್ತು, 14 ಮಕ್ಕಳದ್ದು ಹೊರಕ್ಕೆ. ಇನ್ನು 7 ಮಕ್ಕಳಲ್ಲಿ ಓರೆ ಎಷ್ಟು ಸಣ್ಣದೆಂದರೆ ಮನೆಯವರ ಕಣ್ಣಿಗೆ ಬೀಳುವುದೇ ಕಷ್ಟ. ಪೂರ್ವ ಏಷ್ಯಾದ ಮಕ್ಕಳಲ್ಲಿ ಹೊರಕ್ಕೆ ತಿರುಗುವುದೇ ಹೆಚ್ಚು. ನಮ್ಮ ದೇಶದ ಕೆಲವು ಸಮೀಕ್ಷೆಗಳಲ್ಲಿ ಶೇ 1ಕ್ಕಿಂತಲೂ ಕಡಿಮೆ ಬಂದಿದೆ. ಆದರೆ ಇಂಥ ಲೆಕ್ಕ ಓದುವಾಗ ನಾನು ಮೊದಲು ನೋಡುವುದು, ಹೇಗೆ ಪರೀಕ್ಷಿಸಿದ್ದಾರೆ ಅನ್ನುವುದನ್ನು. ಈ ತೊಂದರೆ ಬೇಕಾದಾಗ ಅಡಗಿಕೊಳ್ಳುತ್ತದೆ.

ಹೊರಕ್ಕೆ ತಿರುಗುವ ಕಣ್ಣನ್ನೇ ತೆಗೆದುಕೊಳ್ಳಿ. ಎಷ್ಟೋ ಮಕ್ಕಳಲ್ಲಿ ಅದು ಬಂದು ಹೋಗುವಂಥದ್ದು. ನಿದ್ದೆ ಬಂದಾಗ, ಜ್ವರ ಬಂದಾಗ, ದೂರಕ್ಕೆ ಸುಮ್ಮನೆ ನೋಡುತ್ತಾ ಕೂತಾಗ ಕಣ್ಣು ಜಾರುತ್ತದೆ. ಟೀಚರ್ ಕರೆದ ತಕ್ಷಣ ನೆಟ್ಟಗಾಗುತ್ತದೆ. ಶಾಲೆಯ ತಪಾಸಣೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿ ಅಕ್ಷರ ಓದಿಸಿದರೆ ಎರಡೂ ಕಣ್ಣು ಪಾಸು! ಬಿಸಿಲಿಗೆ ಹೋದರೆ ಒಂದು ಕಣ್ಣನ್ನಷ್ಟೇ ಮುಚ್ಚಿಕೊಳ್ಳುವ ಮಗುವನ್ನು ಕಂಡರೆ ನನಗೆ ಅನುಮಾನ. ಮನೆಯವರು ಅದನ್ನು ಚೇಷ್ಟೆ ಅಂದುಕೊಂಡಿರುತ್ತಾರೆ.

ತಿರುವುಮುರುವೂ ಉಂಟು. ಮೂಗಿನ ಬುಡ ಅಗಲ ಇರುವ ಪುಟ್ಟ ಮಕ್ಕಳ ಕಣ್ಣು ಓರೆ ಇದ್ದಂತೆ ಕಾಣುತ್ತದೆ, ಇರುವುದಿಲ್ಲ. ಫ್ಲ್ಯಾಶ್ ಹಾಕಿ ತೆಗೆದ ಫೋಟೊ ನೋಡಿ. ಬೆಳಕಿನ ಚುಕ್ಕೆ ಎರಡೂ ಪಾಪೆಗಳಲ್ಲಿ ಒಂದೇ ಜಾಗದಲ್ಲಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಹುಟ್ಟಿದ ಮೊದಲ ಮೂರ್ನಾಲ್ಕು ತಿಂಗಳು ಕಣ್ಣು ಆಗಾಗ ಅತ್ತಿತ್ತ ಹೋಗುವುದೂ ಸಹಜ. ಆದರೆ ಫೋಟೊದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದರೆ ನಾಳೆ ನಾಡಿದ್ದು ಅನ್ನಬೇಡಿ. ಕಣ್ಣಿನ ಕ್ಯಾನ್ಸರ್ ಹೀಗೂ ಸಿಕ್ಕಿಬೀಳುತ್ತದೆ.

ನಮ್ಮ ಹುಡುಗನಿಗೆ ದೊಡ್ಡ ಪ್ಲಸ್ ನಂಬರ್, ಅಂದರೆ ದೂರದೃಷ್ಟಿ ದೋಷ ಇತ್ತು. ಇಂಥ ಮಗು ಸ್ಪಷ್ಟವಾಗಿ ನೋಡಲು ಕಣ್ಣಿನ ಫೋಕಸನ್ನು ಯಾವಾಗಲೂ ಬಿಗಿ ಮಾಡುತ್ತಿರಬೇಕು. ಫೋಕಸ್ ಬಿಗಿ ಮಾಡುವುದು, ಕಣ್ಣು ಒಳಕ್ಕೆ ತಿರುಗಿಸುವುದು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದು ಎಳೆದರೆ ಇನ್ನೊಂದೂ ಬರುತ್ತದೆ. ಕಣ್ಣು ತಿರುಗಿದಾಗ ಎರಡೆರಡು ಚಿತ್ರ ಬಂದು ಗೊಂದಲವಾಗುತ್ತದೆ, ಮಿದುಳು ಒಂದನ್ನು ಕೈಬಿಡುತ್ತದೆ. ಹಾಗೆ ಕೈಬಿಟ್ಟ ಕಣ್ಣು ಕ್ರಮೇಣ ಸೋಮಾರಿಯಾಗುತ್ತದೆ. ಏಳೆಂಟು ವರ್ಷದೊಳಗೆ ಅದನ್ನು ಎಬ್ಬಿಸುವುದು ಸುಲಭ. ಆಮೇಲೆ ಆಗುವುದೇ ಇಲ್ಲವೆಂದಲ್ಲ, ಕಷ್ಟ.

"ಆಪರೇಷನ್ ಮದುವೆ ಹೊತ್ತಿಗೆ ಮಾಡಿಸಿದರಾಯ್ತು" ಎನ್ನುವ ಅಪ್ಪಂದಿರು ಈಗಲೂ ಬರುತ್ತಾರೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಜಾಸ್ತಿ. ನನಗೆ ಸಿಟ್ಟು ಬರುವುದು ಇಲ್ಲೇ. ಆಪರೇಷನ್ ಕಣ್ಣನ್ನು ನೆಟ್ಟಗೆ ಮಾಡೀತು. ಮಲಗಿದ ದೃಷ್ಟಿಯನ್ನು ಎಬ್ಬಿಸುವುದು ಕನ್ನಡಕ ಮತ್ತು ಪ್ಯಾಚಿನ (ಒಳ್ಳೆಯ ಕಣ್ಣನ್ನು ಮುಚ್ಚುವ ಪಟ್ಟಿಯ) ಕೆಲಸ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗ "ನಮ್ಮ ಮಗುವಿನ ಕಣ್ಣು ಸಂಜೆ ಹೊತ್ತು ತಿರುಗುತ್ತೆ" ಎಂದು ಬಾಯಿಬಿಟ್ಟು ಹೇಳಿ. ಅವರು ಬರುವುದು ಬೆಳಿಗ್ಗೆ.

ಹುಡುಗನಿಗೆ ಕನ್ನಡಕ ಕೊಟ್ಟೆ. ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಪ್ಯಾಚ್. ಮೂರು ತಿಂಗಳ ನಂತರ ಬಂದಾಗ ಕಣ್ಣು ನೆಟ್ಟಗಿತ್ತು, ಎಡಗಣ್ಣಿನಲ್ಲಿ ಇನ್ನೂ ಮೂರು ಸಾಲು ಹೆಚ್ಚು ಓದಿದ. ಕನ್ನಡಕ ತೆಗೆಸಿದೆ, ಕಣ್ಣು ಮತ್ತೆ ಮೂಗಿನ ಕಡೆ ಹೋಯಿತು. ಅಮ್ಮನಿಗೆ ಗಾಬರಿ. ಪ್ಲಸ್ ನಂಬರ್ ಎಲ್ಲೂ ಹೋಗಿಲ್ಲ, ಕನ್ನಡಕ ತೆಗೆದರೆ ಹೀಗೇ ಆಗುತ್ತದೆ ಎಂದು ಸಮಾಧಾನ ಹೇಳುತ್ತಿದ್ದೆ. ಅಷ್ಟರಲ್ಲಿ ಅಜ್ಜಿ, "ಹಂಗಾದ್ರೆ ಅದೃಷ್ಟ ಒಳಗೇ ಇದೆ ಬಿಡಿ" ಎಂದು ತಾವೇ ಕನ್ನಡಕ ಎತ್ತಿ ಮೊಮ್ಮಗನಿಗೆ ಹಾಕಿದರು.