ಕುದಿಸಿದರೂ ಹೋಗದ ವಿಷ

ಕಾಸರಗೋಡಿನ ಹಳ್ಳಿಗಳಲ್ಲಿ ಹಾಲಿನ ಮೇಲಿದ್ದ ಹಳೆಯ ಸಂಶಯವೆಂದರೆ ನೀರಿನದು. ಲ್ಯಾಕ್ಟೋಮೀಟರ್ ಅದ್ದಿ ನೋಡುವ ರೂಢಿಯೂ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯೂ ಮುಖ್ಯವಾಗಿ ಮಾರುವವನ ಪ್ರಾಮಾಣಿಕತೆಯನ್ನೇ ಅಳೆಯುತ್ತಿದ್ದವು. 1980ರಲ್ಲಿ ಕೇರಳದ ಹಾಲು ಮಹಾಮಂಡಳ ಸ್ಥಾಪನೆಯಾಗಿ ಊರೂರಿಗೆ ಸೊಸೈಟಿಗಳು ಬಂದ ಮೇಲೆ ಚಿಂತೆ ರೋಗಾಣುವಿನತ್ತ ಹೊರಳಿತು. ಕರಾವಳಿಯ ಸೆಕೆಯಲ್ಲಿ ಕರೆದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯಾಗುವುದರಿಂದ ಅದನ್ನು ಬೇಗನೆ 4 ಡಿಗ್ರಿಗೆ ತಣಿಸುವುದು, ಡೈರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವುದು, ಅಂದರೆ ಪಾಶ್ಚರೀಕರಣ, ಕ್ರಮವಾಯಿತು. ಮನೆಯಲ್ಲಿ ಹೇಗೂ ಉಕ್ಕು ಬರುವವರೆಗೆ ಕಾಯಿಸುತ್ತೇವೆ. ಅಲ್ಲಿಗೆ ಭಯ ಮುಗಿಯಿತು ಎಂಬುದು ನಮ್ಮೆಲ್ಲರ ನಂಬಿಕೆ.

ಆದರೆ ಅಷ್ಟರಲ್ಲಿ ಹಟ್ಟಿಯೇ ಬದಲಾಗಿತ್ತು. ಗುಡ್ಡದಲ್ಲಿ ಮೇದು ಬರುತ್ತಿದ್ದ ಕಾಸರಗೋಡು ಗಿಡ್ಡ ತಳಿಯ ಜಾಗಕ್ಕೆ ಹೆಚ್ಚು ಹಾಲು ಕೊಡುವ ಮಿಶ್ರತಳಿಯ ದನಗಳು ಬಂದವು. ಗದ್ದೆಗಳು ಅಡಿಕೆ ತೋಟಗಳಾಗಿ ಬೈಹುಲ್ಲೂ ಕಡಿಮೆಯಾಯಿತು. ಹೀಗಾಗಿ ದನದ ಹೊಟ್ಟೆ ಹೊರಗಿನಿಂದ ತರುವ ಹಿಂಡಿಯ ಚೀಲವನ್ನು ನಂಬುವಂತಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ, ಒದ್ದೆ ನೆಲಕ್ಕೆ ತಾಗಿಸಿ ಇಟ್ಟ ಚೀಲಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ.

ಈ ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ನೆಲಗಡಲೆ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ನಡೆದ ಹುಡುಕಾಟದಲ್ಲಿ ಇದು ಪತ್ತೆಯಾಯಿತು. ಹಿಂಡಿಯಲ್ಲಿರುವ ಬಿ1 ಎಂಬ ರೂಪವು ದನದ ಯಕೃತ್ತಿನಲ್ಲಿ ಎಂ1 ಆಗಿ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ. ಅದು ರೋಗಾಣುವಲ್ಲ, ರಾಸಾಯನಿಕ. ಆದ್ದರಿಂದ ಪಾಶ್ಚರೀಕರಣವಾಗಲಿ ಒಲೆಯ ಮೇಲಿನ ಕುದಿತವಾಗಲಿ ಅದನ್ನು ಹೋಗಲಾಡಿಸುವುದಿಲ್ಲ. ಅತಿಯಾದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲುದು ಎಂಬುದೇ ಆತಂಕ.

ಭಾರತದಲ್ಲಿ ಹಾಲಿಗೆ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. 2018ರಲ್ಲಿ ದೇಶಾದ್ಯಂತ ಸಂಗ್ರಹಿಸಿದ 6,432 ಮಾದರಿಗಳ ಸಮೀಕ್ಷೆಯಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ. ಕೇರಳದ 187 ಮಾದರಿಗಳಲ್ಲಿ ಅಂಥವು 37 ಇದ್ದವು. ನಾವು ಇಷ್ಟು ಕಾಲ ಹಾಲು ಮಾರುವವನ ಕೈಯನ್ನೇ ನೋಡುತ್ತ ಕುಳಿತಿದ್ದೆವೆನ್ನಬೇಕು.

ಉಪಾಯ ಕಷ್ಟದ್ದೇನಲ್ಲ: ಚೀಲವನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡುವುದು, ಬೂಷ್ಟು ಹಿಡಿದುದನ್ನು ಎಸೆಯುವುದು. ಆದರೆ ಸೊಸೈಟಿಯಲ್ಲಿ ದರ ನಿರ್ಧಾರವಾಗುವುದು ಹಾಲಿನ ಕೊಬ್ಬು ಮತ್ತು ಉಳಿದ ಘನಾಂಶಗಳನ್ನು ನೋಡಿ. ಒಂದು ಚೀಲ ಹಿಂಡಿಯನ್ನು ಗುಂಡಿಗೆ ಸುರಿದ ಸಾಕುವವನಿಗೆ ಅದರ ನಷ್ಟ ಮಾತ್ರ ಉಳಿಯುತ್ತದೆ.