ಮೂಳೆ ಕಡಿದರೆ ನಾಯಿ ಹಲ್ಲು ಗಟ್ಟಿಯಾಗುತ್ತೆ ಅಲ್ವಾ?

ಪ್ರಶ್ನೆ: ನಮ್ಮ ಲ್ಯಾಬ್‌ಗೆ (ಲ್ಯಾಬ್ರಡಾರ್ ನಾಯಿ) ಎರಡು ವರ್ಷ. ಬಾಯಿ ವಾಸನೆ ಬರುತ್ತಿದೆ. ಹಲ್ಲು ಕ್ಲೀನ್ ಆಗೋಕೆ ಕಡಿಯಲು ಏನು ಕೊಡಬೇಕು? ಮಟನ್ ಮೂಳೆ ಸಾಕಾ?

ಉತ್ತರ: ಪ್ರಶ್ನೆ ಹೇಗೆ ಶುರುವಾದರೂ ಕೊನೆಗೆ ಮೂಳೆಗೇ ಬಂದು ನಿಲ್ಲುತ್ತದೆ. ಮೂಳೆ ಬೇಡ. ಎಷ್ಟು ಸಲ ಹೇಳಲಿ?

"ಬೀದಿ ನಾಯಿಗಳು ಮೂಳೆ ತಿಂದೇ ಬದುಕಲ್ವಾ" ಅಂತೀರಿ, ಗೊತ್ತು. ಬೀದಿ ನಾಯಿಯ ಬಾಯಿ ತೆರೆದು ಹಿಂದಿನ ಹಲ್ಲು ನೋಡಿದವರು ಯಾರು ಸ್ವಾಮಿ? ಕಾಡಿನ ತೋಳಗಳ ತಲೆಬುರುಡೆಯಲ್ಲೂ ಮುರಿದ ಹಲ್ಲು ಸಿಗುತ್ತವೆ. ನಾಯಿ ಹಲ್ಲಿನ ಎನಾಮಲ್ ನಮ್ಮದಕ್ಕಿಂತ ತೆಳು, ಬಹುತೇಕ ಕಡೆ 1 ಮಿ.ಮೀ.ಗೂ ಕಡಿಮೆ. ಗಟ್ಟಿ ವಸ್ತು ಸಿಕ್ಕರೆ ನಾಯಿ ಅದನ್ನು ಬಾಯಿಯ ಪಕ್ಕಕ್ಕೆ ತಳ್ಳಿಕೊಂಡು, ತಲೆ ಓರೆ ಮಾಡಿ, ಮೇಲಿನ ದವಡೆಯ ದೊಡ್ಡ ಹಲ್ಲಿನಿಂದ ಅದುಮುತ್ತದೆ, ಆ ಹಲ್ಲೇ ಹೊರಬದಿಯಲ್ಲಿ ಹೆಂಚಿನ ಚಕ್ಕೆಯಂತೆ ಎದ್ದು ಬರುವುದು. ಆದರೂ ನಾಯಿ ಊಟ ಬಿಡುವುದಿಲ್ಲ. ಕೆಲವು ತಿಂಗಳಾದ ಮೇಲೆ ಕಣ್ಣಿನ ಕೆಳಗೆ ಊದಿಕೊಳ್ಳುತ್ತದೆ, ಜೇನು ಕಚ್ಚಿರಬೇಕು ಅಂತ ಮನೆಯವರು ಸುಮ್ಮನಾಗುತ್ತಾರೆ. ಅದು ಹಲ್ಲಿನ ಬೇರಿನಲ್ಲಿ ಕಟ್ಟಿದ ಕೀವು! ಬೇಯಿಸಿದ ಮೂಳೆಯಂತೂ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಎಮ್ಮೆ ಕೊಂಬು, ಗೊರಸು, ಹಿಮಾಲಯದ ಚೀಸ್ ಅಂತ ಮಾರುವ ಕಲ್ಲಿನಂಥ ಕಡ್ಡಿಗೂ ಇದೇ ಮಾತು.

ಹಾಗಾದರೆ ಏನು ಕೊಡೋದು? ಉಗುರಿನಿಂದ ಒತ್ತಿದರೆ ಗುರುತು ಬೀಳಬೇಕು. ಅದರಿಂದ ನಿಮ್ಮ ಮಂಡಿಚಿಪ್ಪಿಗೆ ಹೊಡೆದುಕೊಳ್ಳಲು ಭಯವಾದರೆ ನಾಯಿಗೂ ಬೇಡ. ಒಂದೇ ಸಲ ನುಂಗಲಾಗದಷ್ಟು ದೊಡ್ಡದಿರಲಿ. ಗಂಟು ಹಾಕಿದ ಚರ್ಮದ ಮೂಳೆ ನೆನೆದು ಲೊಳೆಯಾಗಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅದೂ ಬೇಡ. ಪ್ಯಾಕೆಟ್ ಮೇಲೆ ವಿಒಎಚ್‌ಸಿ (ಪ್ರಾಣಿಗಳ ಬಾಯಿ ಆರೋಗ್ಯದ ಪಶುವೈದ್ಯ ಮಂಡಳಿ) ಮುದ್ರೆ ಇದ್ದರೆ ಹಲ್ಲಿನ ಕೊಳೆ ಅಥವಾ ಗಾರೆ (ಕಲ್ಲಿನಂತೆ ಗಟ್ಟಿಯಾದ ಕೊಳೆ, ಟಾರ್ಟರ್) ಕಡಿಮೆ ಮಾಡುತ್ತದೆ ಅಂತ ಪರೀಕ್ಷೆ ಮಾಡಿರುತ್ತಾರೆ. ಆದರೆ ನಿಮ್ಮ ಲ್ಯಾಬ್ ಹಲ್ಲಿನ ಬುಡದಲ್ಲಿ ಈಗಾಗಲೇ ಹಳದಿ ಗಾರೆ ಕಟ್ಟಿದ್ದರೆ ಯಾವ ಕಡ್ಡಿಯಿಂದಲೂ ಪೂರ್ತಿ ಹೋಗುವುದಿಲ್ಲ, ಒಸಡಿನ ಒಳಗಿನದಂತೂ ಇಲ್ಲವೇ ಇಲ್ಲ. ಡಾಕ್ಟರ್ ಅರಿವಳಿಕೆ ಕೊಟ್ಟು ಕೆರೆದು ತೆಗೆಯಬೇಕು. ಆಮೇಲೆ ದಿನಾ ಬ್ರಷ್. ನಮ್ಮ ಪೇಸ್ಟ್ ಮಾತ್ರ ಬೇಡ, ಅದು ಉಗುಳುವವರಿಗೆ ಮಾಡಿದ್ದು, ಕೆಲವದರಲ್ಲಿ ನಾಯಿಗೆ ವಿಷವಾದ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇರುತ್ತದೆ.

ಮರಿ ಸಾಕಿದವರಿಗೂ ಒಂದು ಮಾತು, ಕೇಳದಿದ್ದರೂ ಹೇಳಿಬಿಡುತ್ತೇನೆ. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುವ ಹೊತ್ತಿಗೆ ಮರಿ ಚಪ್ಪಲಿ, ಕುರ್ಚಿಕಾಲು ಎಲ್ಲ ಕಡಿಯುತ್ತದೆ. ಒದ್ದೆ ಬಟ್ಟೆ ತಣ್ಣಗೆ ಮಾಡಿ ಕೊಡಿ, ಐಸ್ ಗಡ್ಡೆ ಬೇಡ. 7 ತಿಂಗಳಾದರೂ ಹಳೇ ಕೋರೆಹಲ್ಲಿನ ಪಕ್ಕದಲ್ಲೇ ಹೊಸದು ನಿಂತಿದ್ದರೆ ಡಾಕ್ಟರಿಗೆ ತೋರಿಸಿ. ಸಂತಾನಹರಣದ ಆಪರೇಷನ್ ಹತ್ತಿರವಿದ್ದರೆ ಆಗಲೇ ಕೀಳಿಸಬಹುದು, ಎರಡೆರಡು ಸಲ ಅರಿವಳಿಕೆ ತಪ್ಪುತ್ತದೆ.